ಹತ್ತನೇ ನಂಬರಿನಲ್ಲಿ ಯಾರೋ ಇದ್ದಾರೆ

ನರಗುಂದ, ರೋಣ, ಗಜೇಂದ್ರಗಡ. ಮೂರು ದಿನಗಳಲ್ಲಿ ಈ ಮೂರು ಊರಿನ ದವಾಖಾನೆಗಳಿಗೆ ಹೋಗಿ, ಅಲ್ಲಿಯ ರೌಟರಿನಲ್ಲಿ ಒಂದೊಂದು ಸಾಲು ಬರೆದು ಬರುವ ಕೆಲಸ. ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಇದನ್ನು ಯಾರೂ ಕೆಲಸವೆಂದೇ ಎಣಿಸಲಿಲ್ಲ. ಅದಕ್ಕೇ ಅದು ನನ್ನ ಪಾಲಿಗೆ ಬಂತು.

ಮೂರೂ ಒಂದೇ ಟ್ರಸ್ಟಿನ ದವಾಖಾನೆಗಳು. ಆ ಕಡೆಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಕಾಲಿಟ್ಟಿತ್ತು. ಹೃದಯದ ಡಾಕ್ಟರು ಇರುವುದು ಹುಬ್ಬಳ್ಳಿಯಲ್ಲಿ, ಎದೆ ಹಿಡಿದುಕೊಂಡು ಬರುವವರು ಈ ಊರುಗಳಲ್ಲಿ. ಇಲ್ಲಿ ತೆಗೆದ ಇಸಿಜಿಯನ್ನು ಅವರು ಅಲ್ಲಿ ಕೂತೇ ನೋಡಬೇಕು. ಹೃದಯಾಘಾತವೇ ಆಗಿದ್ದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಕೊಡಿ ಎಂದು ಫೋನಿನಲ್ಲಿ ಹೇಳಬೇಕು. ಅಂಥದೊಂದು ಇಂಜೆಕ್ಷನ್ ಪ್ರತಿ ದವಾಖಾನೆಯ ಫ್ರಿಜ್ಜಿನಲ್ಲಿ ಯಾವಾಗಲೂ ಇರಬೇಕೆಂಬುದು ಟ್ರಸ್ಟಿನ ಹಳೆಯ ನಿಯಮ. ಸರಿಯಾದವರಿಗೆ ಕೊಟ್ಟರೆ ಅದು ಜೀವ ಉಳಿಸುತ್ತದೆ. ಮೈಯೊಳಗೆ ಎಲ್ಲಾದರೂ ರಕ್ತ ಸೋರುತ್ತಿರುವವರಿಗೆ ಕೊಟ್ಟರೆ ಸೋರಿಕೆ ನಿಲ್ಲುವುದೇ ಇಲ್ಲ, ಜೀವ ಹೋಗುತ್ತದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಆ ಸಾಲನ್ನು ಅಷ್ಟು ಹಗುರವಾಗಿ ಬರೆಯುತ್ತಿರಲಿಲ್ಲ ಎಂದು ಈಗ ಅಂದುಕೊಳ್ಳುತ್ತೇನೆ.

ನಾನು ಬರೆಯಬೇಕಿದ್ದ ಸಾಲು ಏನೆಂದು ಹೇಳಿಬಿಡುತ್ತೇನೆ. ನಮ್ಮ ಕಡೆ ಮಕ್ಕಳಿಗೆ ಮನೆಯಲ್ಲಿ ಕರೆಯುವ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು ಇರುತ್ತದಲ್ಲ, ಕಂಪ್ಯೂಟರುಗಳಿಗೂ ಹಾಗೇ. ದವಾಖಾನೆಯ ಒಳಗೆ ಇಸಿಜಿ ಕಂಪ್ಯೂಟರಿಗೆ ಒಂದು ಸಣ್ಣ ನಂಬರು ಇರುತ್ತದೆ, ಅದು ಮನೆಯ ಹೆಸರು. ಹೊರಗಿನವರಿಗೆ ಅದು ಗೊತ್ತಾಗುವುದಿಲ್ಲ. ಇಂಟರ್‌ನೆಟ್ಟಿನವರು ಕೊಟ್ಟ ದೊಡ್ಡ ನಂಬರು ಶಾಲೆಯ ಹೆಸರು. ಈ ಶಾಲೆಯ ಹೆಸರು ಹಿಡಿದು ಯಾರು ಕೇಳಿಕೊಂಡು ಬಂದರೂ, ಯಾವಾಗ ಬಂದರೂ, ಆ ಮನೆಯ ಹೆಸರಿನವನ ಹತ್ತಿರವೇ ಕಳಿಸು ಎಂದು ಬಾಗಿಲಲ್ಲಿ ಕೂತ ರೌಟರಿಗೆ ಹೇಳಿಡುವುದೇ ನನ್ನ ಸಾಲು. ಒಂದಕ್ಕೆ ಒಂದು, ಬದಲಾಗದ ಜೋಡಿ. ರೌಟರು ಭಾಳ ವಿಧೇಯ. ಆ ಮನೆಯ ಹೆಸರಿನಲ್ಲಿ ಒಳಗೆ ಇರುವವರು ಯಾರು ಎಂದು ಅದು ಎಂದೂ ಕೇಳುವುದಿಲ್ಲ.

ಮೊದಲ ದಿನ ನರಗುಂದ. ಹೋದ ಕೂಡಲೇ ಕೌಂಟರಿನವರು ನನ್ನ ಹಿಂದೆ ಇಣುಕಿ ನೋಡಿ, “ಬಾಯಾರ, ಇಂಜಿನೇರು ಯಾವಾಗ ಬರ್ತಾರ್ರಿ?” ಅಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ಬಂದ್ರು, ನಿಮ್ಮ ಎದುರಿಗೇ ನಿಂತಾರ,” ಅಂದೆ. ಅದೇ ಸಿಟ್ಟಿನಲ್ಲಿ ಕೆಲಸ ಶುರು ಮಾಡಿದ್ದಕ್ಕೆ ಶಾಸ್ತಿಯೂ ಆಯಿತು. ರೌಟರಿನ ಎರಡು ಬದಿಗಳಲ್ಲಿ ಯಾವುದು ಒಳಗು, ಯಾವುದು ಹೊರಗು ಎಂದು ಗುರುತು ಹಾಕಬೇಕು. ನಾನು ಅದನ್ನು ಅದಲುಬದಲು ಮಾಡಿ ಮೂರು ತಾಸು ಒದ್ದಾಡಿದೆ. ಎರಡನೇ ದಿನ ರೋಣದಲ್ಲಿ ಎಲ್ಲ ಸರಿಯಾಗಿ ಬರೆದೆ, ಆದರೆ ಉಳಿಸಿಡುವ ಆಜ್ಞೆ ಕೊಡುವುದನ್ನು ಮರೆತೆ. ಕರೆಂಟು ಹೋಗಿ ಬಂದದ್ದೇ ತಡ, ರೌಟರು ನನ್ನನ್ನು ಕಂಡೇ ಇಲ್ಲವೆನ್ನುವಂತೆ ಕೂತಿತ್ತು. ಮತ್ತೆ ಮೊದಲಿನಿಂದ. ಹೀಗಾಗಿ ಮೂರನೇ ದಿನ ಗಜೇಂದ್ರಗಡದ ಬಸ್ಸು ಹತ್ತುವಾಗ, ಮಾಡಬಹುದಾದ ತಪ್ಪೆಲ್ಲ ಮಾಡಿ ಮುಗಿಸಿದ್ದೇನೆ, ಇನ್ನು ಒಂದು ತಾಸಿನ ಕೆಲಸ, ಮಧ್ಯಾಹ್ನದ ಊಟಕ್ಕೆ ಹುಬ್ಬಳ್ಳಿ ಎಂಬ ಧೈರ್ಯದಲ್ಲಿದ್ದೆ.

ದವಾಖಾನೆ ಉದ್ದನೆಯದು, ಗುಡ್ಡದ ಕಡೆ ಮುಖ ಮಾಡಿತ್ತು. ಬಾಗಿಲಿಗೆ ಹತ್ತಿದ ಮೊದಲ ಕೋಣೆಗೆ ಬೀಗ. ಮಬ್ಬು ಗಾಜಿನ ಹಿಂದೆ ಹಗಲಿನಲ್ಲೂ ಒಂದು ಕೆಂಪು ಬೆಳಕು ಕಾಣುತ್ತಿತ್ತು. ಕಸಬರಿಗೆ ಹಿಡಿದಿದ್ದ ಮುದುಕಿಯನ್ನು ಕೇಳಿದೆ. ಅವರು ಅಲ್ಲಿಯ ಆಯಾ. ಸೊಂಟದಲ್ಲಿ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡಿದ್ದರು.

“ದೊಡ್ಡ ಡಾಕ್ಟರ ಖೋಲಿ ಯವ್ವಾ. ಈ ದವಾಖಾನಿ ಕಟ್ಟಿದವ್ರು. ತೀರ್ಕೊಂಡ ಎರಡ ವರ್ಷ ಆತು. ಅವರ ಫೋಟೋದ ಮುಂದ ದೀಪ ಐತಿ.”

ಇಸಿಜಿ ಕೋಣೆ ಅದರ ಪಕ್ಕದ್ದು. ನನಗಿಂತ ಮೊದಲು ಈ ಕೆಲಸಕ್ಕೆ ಬರುತ್ತಿದ್ದವರು ಒಂದು ಹಾಳೆಯಲ್ಲಿ ಯಾವ ಕಂಪ್ಯೂಟರಿಗೆ ಯಾವ ನಂಬರು ಎಂದು ಬರೆದು, ಪ್ಲಾಸ್ಟಿಕ್ ಹಚ್ಚಿ, ಗೋಡೆಗೆ ಅಂಟಿಸಿದ್ದರು. ಇಸಿಜಿಯ ಎದುರಿಗೆ ಹತ್ತು ಎಂದಿತ್ತು. ನನ್ನ ಲ್ಯಾಪ್‌ಟಾಪನ್ನು ರೌಟರಿಗೆ ಹಚ್ಚಿ, ಹೊರಗಿನ ನಂಬರಿಗೂ ಒಳಗಿನ ಹತ್ತಕ್ಕೂ ಜೋಡಿ ಹಾಕಿದೆ. ಮರೆಯದೆ ಉಳಿಸಿಟ್ಟೆ. ಆಮೇಲೆ ಹತ್ತನೇ ನಂಬರಿಗೆ ಪಿಂಗ್ ಕೊಟ್ಟೆ. ಪಿಂಗ್ ಅಂದರೆ ‘ಇದ್ದೀಯಾ?’ ಎಂದು ಕೂಗುವುದು, ಅಷ್ಟೇ. ನಾಲ್ಕು ಸಲ ಕೂಗಿದೆ. ನಾಲ್ಕು ಸಲವೂ ‘ಇದ್ದೇನೆ’ ಎಂದು ಉತ್ತರ ಬಂತು.

ತಲೆ ಎತ್ತಿ ನೋಡಿದರೆ ಇಸಿಜಿ ಕಂಪ್ಯೂಟರು ಆರಿತ್ತು. ಅದನ್ನು ನಡೆಸುವ ಸಿಸ್ಟರ್ ಇನ್ನೂ ಬಂದಿರಲಿಲ್ಲ. ಗೋಡೆಯ ಸ್ವಿಚ್ಚನ್ನೂ ಹಾಕಿರಲಿಲ್ಲ.

ಬೆನ್ನಿನ ಮೇಲೆ ಯಾರೋ ತಣ್ಣನೆಯ ಬೆರಳು ಎಳೆದ ಹಾಗಾಯಿತು. ಇನ್ನೊಮ್ಮೆ ಕೂಗಿದೆ. ಇದ್ದೇನೆ, ಇದ್ದೇನೆ, ಇದ್ದೇನೆ, ಇದ್ದೇನೆ. ಆಗಲೇ ನಾನು ನಿಲ್ಲಬೇಕಿತ್ತು. ಉತ್ತರ ಕೊಡುತ್ತಿರುವವರು ಯಾರು ಎಂದು ಹುಡುಕಬೇಕಿತ್ತು. ಅದರ ಬದಲು, ರೌಟರೇ ಹಳೆಯದನ್ನು ನೆನಪಿಟ್ಟುಕೊಂಡಿರಬೇಕು ಎಂದು ನನಗೆ ನಾನೇ ಒಂದು ಸುಳ್ಳು ಹೇಳಿಕೊಂಡೆ. ಪಿಂಗಿಗೆ ನೆನಪಿನಿಂದ ಉತ್ತರ ಬರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಳೆಯಲ್ಲಿ ಹತ್ತು ಎಂದಿದೆ, ಹತ್ತು ಉತ್ತರ ಕೊಡುತ್ತಿದೆ, ಇನ್ನೇನು ಬೇಕು ಎಂದು ಬಿಟ್ಟೆ. ಊಟದ ಬಸ್ಸು ತಲೆಯಲ್ಲಿತ್ತು.

ಹತ್ತು ಗಂಟೆಗೆ ಸಿಸ್ಟರ್ ಬಂದು ಕಂಪ್ಯೂಟರು ಹಚ್ಚಿದರು. ಐವತ್ತು ದಾಟಿದವರು, ಮಾತು ಕಡಿಮೆ. ನಾನು ಹುಬ್ಬಳ್ಳಿಯ ಡಾಕ್ಟರಿಗೆ ಫೋನು ಮಾಡಿ, ಹೊರಗಿನ ನಂಬರು ಹೇಳಿ, ತೆರೆಯಲು ಹೇಳಿದೆ.

“ಬಂತ್ರಿ. ಇಸಿಜಿ ಪೇಜ್ ಓಪನ್ ಆತು. ಛಲೋ ಕೆಲಸ ಮಾಡೀರಿ,” ಅಂದರು.

ಈ ಹೊಗಳಿಕೆ ನನ್ನ ಅನುಮಾನವನ್ನು ಪೂರ್ತಿ ಒರೆಸಿ ಹಾಕಿತು.

ಚಹಾ ಕುಡಿದು ಹೊರಡುವಷ್ಟರಲ್ಲಿ ಒಂದು ಮೋಟರ್‌ಸೈಕಲ್ಲು ಬಂತು. ನಡುವೆ ಕೂರಿಸಿದ್ದವರನ್ನು ಹಿಂದೆ ಕೂತವನು ಅಪ್ಪಿ ಹಿಡಿದಿದ್ದ. ಹತ್ತಿರದ ಸೂಡಿ ಎಂಬ ಊರಿನಿಂದ ಹಾಗೇ ತಂದಿದ್ದರು. ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸದವರು, ಐವತ್ತರ ಆಸುಪಾಸು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು. ಒಂದು ಕೈಯಿಂದ ಎದೆಗುಂಡಿಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದರು. ಹೆಂಡತಿ ಇನ್ನೊಂದು ಗಾಡಿಯಲ್ಲಿ ಹಿಂದೆಯೇ ಬಂದರು.

ಡ್ಯೂಟಿ ಡಾಕ್ಟರು ಓದು ಮುಗಿಸಿ ವರ್ಷವೂ ಆಗಿರದ ಯುವಕರು. ಇಸಿಜಿ ತೆಗೆಯಲು ಹೇಳಿದರು. ಸಿಸ್ಟರ್ ತೆಗೆದು, ಗುಂಡಿ ಒತ್ತಿ ಉಳಿಸಿ, ರೋಗಿಯನ್ನು ಎದುರಿನ ವಾರ್ಡಿನ ಮಂಚಕ್ಕೆ ಕರೆದೊಯ್ದರು. ಅವರ ರೂಢಿಯನ್ನು ಇಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ಹೆಸರು ಟೈಪು ಮಾಡುವುದು ಬೇಸರದ ಕೆಲಸವೆಂದು ಕಂಪ್ಯೂಟರಿನಲ್ಲಿ ಯಾರ ಹೆಸರನ್ನೂ ಹಾಕುತ್ತಿರಲಿಲ್ಲ. ಹೆಸರು ಇರುತ್ತಿದ್ದದ್ದು ಕೈಬರಹದ ರಿಜಿಸ್ಟರಿನಲ್ಲಿ. ಯಾರದನ್ನು ನೋಡಬೇಕು ಎಂದು ಕೇಳಿದರೆ, ಕೊನೆಯದು ಎನ್ನುತ್ತಿದ್ದರು, ಅಷ್ಟೇ. ಆಗ ತಾನೇ ತೆಗೆದದ್ದು ಕೊನೆಯದೇ ಆಗಿರಬೇಕಲ್ಲ.

ಡ್ಯೂಟಿ ಡಾಕ್ಟರು ವಾರ್ಡಿನ ಫೋನಿನಲ್ಲಿ ಹುಬ್ಬಳ್ಳಿಯ ಡಾಕ್ಟರಿಗೆ, “ಸರ್, ಕೊನೇದ ನೋಡ್ರಿ,” ಅಂದರು. ಆ ಕಡೆಯ ಮಾತು ಕೇಳುತ್ತ ಅವರ ಮುಖ ಬಿಗಿಯಿತು. ಫೋನಿನ ಮೇಲೆ ಕೈಯಿಟ್ಟು ನಮಗೂ ಹೇಳಿದರು.

“ಅಟ್ಯಾಕ್ ಐತಂತ. ಭಾಳ ದೊಡ್ಡದು. ನಾಡಿ ನಲವತ್ತೆರಡಕ್ಕ ಇಳದೈತಂತ. ಒಂದ ನಿಮಿಷನೂ ತಡಾ ಮಾಡಬ್ಯಾಡ್ರಿ, ಈಗ ಇಂಜೆಕ್ಷನ್ ಕೊಟ್ರ ಉಳೀತಾರ ಅಂದ್ರು.”

ಫ್ರಿಜ್ಜಿನಿಂದ ಸಣ್ಣ ಬಾಟಲಿ ಬಂತು. ಡಾಕ್ಟರು ಅದಕ್ಕೆ ನೀರು ಬೆರೆಸತೊಡಗಿದರು. ಸಿಸ್ಟರ್ ರೋಗಿಯ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದರು. ಒಮ್ಮೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಸರ್, ಅವ್ರು ನಲವತ್ತೆರಡ ಅಂದ್ರೇನ್ರಿ? ನನ್ನ ಕೈಯಾಗ ನೂರಾ ಹತ್ತ ಐತಿ.”

“ಸಿಸ್ಟರ್, ಅವ್ರು ಸ್ಕ್ರೀನ್ ನೋಡಿ ಹೇಳಾಕತ್ತಾರ. ನಿಮ್ಮ ಎಣಿಕಿ ತಪ್ಪಿರಬೇಕ.”

“ಇಪ್ಪತ್ತೆರಡ ವರ್ಷ ಆತ್ರಿ ನಾಡಿ ಹಿಡ್ಯಾಕತ್ತು,” ಅಂದರು ಸಿಸ್ಟರ್. ದನಿ ಏರಿಸಲಿಲ್ಲ. ಮಣಿಕಟ್ಟನ್ನೂ ಬಿಡಲಿಲ್ಲ.

ನಾನು ಬಾಗಿಲಲ್ಲಿ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದೆ. ಬೆಳಿಗ್ಗೆ ಆರಿದ ಯಂತ್ರದಿಂದ ಬಂದ ಉತ್ತರ ಆ ಕ್ಷಣ ಕಿವಿಯಲ್ಲಿ ಕೇಳಿದಂತಾಯಿತು. ಇದ್ದೇನೆ. ಹಾಗಾದರೆ ಹುಬ್ಬಳ್ಳಿಯವರು ನೋಡುತ್ತಿರುವುದು ಈ ಮಂಚದ ಮೇಲಿನವರನ್ನಲ್ಲ, ಹತ್ತನೇ ನಂಬರಿನವರನ್ನು. ಹೇಳಿದರೆ ನನ್ನ ಕೆಲಸ ಹೋಗುತ್ತದೆ ಎಂದು ಹೊಳೆಯದೆ ಇರಲಿಲ್ಲ. ಹೇಳಿದ್ದು ಸುಳ್ಳಾದರೆ, ನಾನು ಅಡ್ಡ ಬಂದ ಆ ನಿಮಿಷಗಳಲ್ಲೇ ಈ ಮನುಷ್ಯ ಸಾಯಬಹುದು ಎಂದೂ ಹೊಳೆಯಿತು. ಇಂಜೆಕ್ಷನ್ ಬಗ್ಗೆ ನನಗೇನು ಗೊತ್ತು? ಆದರೆ ಆ ಉತ್ತರದ ಬಗ್ಗೆ ಆ ಕಟ್ಟಡದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

“ನಿಲ್ರಿ ಸರ್,” ಅಂದೆ. “ಹುಬ್ಬಳ್ಯಾಗ ಕಾಣಾಕತ್ತಿದ್ದು ಇವರದಲ್ಲ. ಬ್ಯಾರೆ ಯಾವುದೋ ಯಂತ್ರಕ್ಕ ಹಾದಿ ಕೊಟ್ಟೀನಿ. ನಂದ ತಪ್ಪ.”

“ಇವರದಲ್ಲಂದ್ರ ಮತ್ಯಾರದು?”

“ಗೊತ್ತಿಲ್ರಿ.”

ಡಾಕ್ಟರು ನನ್ನ ಮುಖ ನೋಡಿದರು, ಸಿಸ್ಟರ್ ಹಿಡಿದ ಮಣಿಕಟ್ಟು ನೋಡಿದರು. ಸಿರಿಂಜನ್ನು ತಟ್ಟೆಯಲ್ಲಿಟ್ಟು, ಉದ್ದ ವೈರಿನ ಆ ಫೋನನ್ನು ನನ್ನ ಕೈಗೆ ಕೊಟ್ಟರು.

ಇಸಿಜಿ ಕಂಪ್ಯೂಟರಿನ ನಿಜವಾದ ನಂಬರು ನನಗೆ ಬೇಕಿತ್ತು. ಸಿಸ್ಟರನ್ನು ಕೇಳಿದೆ: “ಇದರ ನಂಬರ್ ಹತ್ತ ಅಲ್ಲೇನ್ರಿ?”

“ಅಲ್ರಿ, ಹದಿನೈದ. ಹೊಸಾದ ಕೂಡಸಾಕ ಬಂದವ್ರು ಮೊದಲ ಹತ್ತ ಕೊಟ್ಟು ನೋಡಿದ್ರು. ತಗೊಳ್ಳಲಿಲ್ಲ. ಆ ನಂಬರಿನ್ಯಾಗ ಯಾರೋ ಅದಾರ ಅಂತ ತೋರಸ್ತು. ಹತ್ತ ದೊಡ್ಡ ಡಾಕ್ಟರ ನಂಬರ್ರಿ. ಅವರಿಗೇ ಇರಲಿ ಬಿಡ್ರಿ, ಬ್ಯಾರೆ ಕೊಡ್ರಿ ಅಂತ ನಾವ ಹೇಳಿದ್ವಿ.”

ಹಿರಿಯರ ಕುರ್ಚಿಯಲ್ಲಿ ಇನ್ನೊಬ್ಬರು ಕೂರದ ಹಾಗೆ ನಂಬರನ್ನೂ ಬಿಟ್ಟುಕೊಟ್ಟಿದ್ದರು. ಗೋಡೆಯ ಹಾಳೆಯನ್ನು ತಿದ್ದುವುದು ಯಾರಿಗೂ ನೆನಪಾಗಿರಲಿಲ್ಲ. ಆ ನಂಬರಿನಲ್ಲಿ ಯಾರೋ ಇದ್ದಾರೆ ಎಂದು ಯಂತ್ರ ಹೇಳಿದಾಗ, ಇದ್ದರೆ ಇರಲಿ ಎಂದು ಇವರು ಒಪ್ಪಿಕೊಂಡಿದ್ದರು. ಭಯಪಡಲು ನನಗೆ ಪುರಸೊತ್ತು ಇರಲಿಲ್ಲ.

ಫೋನನ್ನು ಎಳೆದುಕೊಂಡು ಇಸಿಜಿ ಕೋಣೆಗೆ ಹೋಗಿ, ರೌಟರಿನ ಮುಂದೆ ಕೂತು, ಹತ್ತರ ಸಾಲನ್ನು ಅಳಿಸು ಎಂದು ಆಜ್ಞೆ ಕೊಟ್ಟೆ. ಅಳಿಸಲಿಲ್ಲ. ಈ ಜೋಡಿ ಬಳಕೆಯಲ್ಲಿದೆ, ತೆಗೆಯಲು ಬರುವುದಿಲ್ಲ ಎಂದಿತು. ಅಂದರೆ ಹುಬ್ಬಳ್ಳಿಯ ಡಾಕ್ಟರು ಇನ್ನೂ ಆ ಪುಟ ತೆರೆದು ನೋಡುತ್ತಲೇ ಇದ್ದರು. ಅದು ಮುಚ್ಚುವವರೆಗೆ ರೌಟರು ಹಿಡಿದ ಕೈ ಬಿಡುವುದಿಲ್ಲ.

“ಸರ್, ಒಂದ ನಿಮಿಷ ಆ ಪೇಜ್ ಮುಚ್ಚರಿ,” ಅಂದೆ.

“ಮುಚ್ಚೂದಿಲ್ರಿ,” ಅಂದರು. “ಇದು ಸೂಡಿಯವರದಲ್ಲ ಅಂತ ನೀವ ಹೇಳಾಕತ್ತೀರಿ. ಹಂಗಾರ ಇನ್ಯಾರದೋ ಆಗಬೇಕಲ್ಲ? ಆ ಮನಷ್ಯಾ ಸಾಯಾಕತ್ತಾನ. ಅವ ಯಾರು, ಎಲ್ಲಿ ಅದಾನ ಅಂತ ಗೊತ್ತಾಗೂ ತನಕ ಇದನ್ನ ನನ್ನ ಕಣ್ಣ ಮುಂದಿಂದ ತಗ್ಯಾಂಗಿಲ್ಲ.”

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಎದುರಿನ ವಾರ್ಡಿನ ಮಂಚದ ಮೇಲೆ ಒಬ್ಬರು ನರಳುತ್ತಿದ್ದರು. ಅವರ ಹೆಂಡತಿ ಸೆರಗಿನಿಂದ ಅವರ ಹಣೆ ಒರೆಸುತ್ತ ನನ್ನನ್ನೇ ನೋಡುತ್ತಿದ್ದರು. ಏನಾಗುತ್ತಿದೆ ಎಂದು ಆಕೆಗೆ ತಿಳಿಯುವಂತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಹೊರಗಿನಿಂದ ರೌಟರಿಗೆ ಬರುವ ತಂತಿಯನ್ನು ಹಿಡಿದು ಎಳೆದುಬಿಟ್ಟೆ. ಹೃದಯದ ಡಾಕ್ಟರ ಮಾತು ಮೀರಿ, ಎಲ್ಲೋ ಸಾಯುತ್ತಿರುವ ಒಬ್ಬರನ್ನು ಕತ್ತಲೆಗೆ ತಳ್ಳಿದಂತೆ ಅನಿಸಿತು. ಫೋನಿನಲ್ಲಿ ಅವರು ಬೈಯುತ್ತಿದ್ದರು. ಅವಸರದಲ್ಲಿ ಒಂದು ಅಕ್ಷರ ತಪ್ಪಾಯಿತು, ತಿದ್ದಿದೆ. ಹತ್ತರ ಸಾಲು ಅಳಿಯಿತು. ಹದಿನೈದರದು ಬರೆದೆ. ಪಟ್ಟಿ ತೆಗೆದು ನೋಡಿದೆ, ಒಂದೇ ಜೋಡಿ ಇತ್ತು. ಈ ಸಲ ಬರೀ ಪಿಂಗನ್ನು ನಂಬಲಿಲ್ಲ. ಸಿಸ್ಟರಿಗೆ ಹೇಳಿ ಇಸಿಜಿ ಕಂಪ್ಯೂಟರಿನ ತಂತಿ ತೆಗೆಸಿದೆ, ಉತ್ತರ ನಿಂತಿತು. ಹಚ್ಚಿಸಿದೆ; ಉತ್ತರ ಬಂತು. ಆಮೇಲೆಯೇ ಹೊರಗಿನ ತಂತಿ ಮರಳಿ ಸಿಕ್ಕಿಸಿ, “ಈಗ ತಗೀರಿ ಸರ್,” ಅಂದೆ.

ಅವರು ಪುಟವನ್ನು ಮತ್ತೆ ತೆರೆದರು.

“ನೂರಾ ಹನ್ನೆರಡು,” ಅಂದರು. “ಹೃದಯ ಓಡಾಕತ್ತೈತಿ, ಆದ್ರ ಅಟ್ಯಾಕ್ ಇಲ್ಲ. ಡಾಕ್ಟರಿಗೆ ಕೊಡ್ರಿ.”

ಹುಬ್ಬಳ್ಳಿಯವರು ಫೋನಿನಲ್ಲಿ ಕೇಳಿದ್ದನ್ನೆಲ್ಲ ಡ್ಯೂಟಿ ಡಾಕ್ಟರು ರೋಗಿಯ ಹೆಂಡತಿಯನ್ನು ಕೇಳಿದರು. ಆಕೆ ಮೊದಲು ನಾಚಿದರು, ಆಮೇಲೆ ಸಿಸ್ಟರ ಕಡೆ ತಿರುಗಿ ಹೇಳಿದರು.

“ಎರಡ ದಿನಾ ಆತ್ರಿ, ಸಂಡಾಸ ಡಾಂಬರಿನಂಗ ಕರ್ರಗ ಆಗಾಕತ್ತೈತಿ. ಮೈ ಕೈ ನೋವು ಅಂತ ಅಂಗಡ್ಯಾಗಿನ ಗುಳಿಗಿ ನುಂಗತಿದ್ರು. ಯಾರಿಗೂ ಹೇಳಬ್ಯಾಡ ಅಂದಿದ್ರು.”

ಹೊಟ್ಟೆಯೊಳಗೆ ಹುಣ್ಣು ಒಡೆದು ರಕ್ತ ಸೋರುತ್ತಿತ್ತು. ಡ್ಯೂಟಿ ಡಾಕ್ಟರು ತಟ್ಟೆಯಲ್ಲಿದ್ದ ಸಿರಿಂಜನ್ನು ಎತ್ತಿಕೊಂಡು, ಅದರಲ್ಲಿದ್ದದ್ದನ್ನು ಮೋರಿಗೆ ಚೆಲ್ಲಿದರು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಸಲೈನು ಹಚ್ಚಿ, ಟ್ರಸ್ಟಿನ ಜೀಪಿನಲ್ಲಿ ರೋಗಿಯನ್ನು ಗದಗಿಗೆ ಕಳಿಸಿದೆವು. ಅವರು ಅಲ್ಲಿ ಉಳಿದುಕೊಂಡರು ಎಂದು ಎರಡು ದಿನದ ಮೇಲೆ ತಿಳಿಯಿತು.

ಜೀಪು ಹೋದ ಮೇಲೆ ಫೋನು ಇನ್ನೂ ಹಾಗೇ ಇತ್ತು. ಹುಬ್ಬಳ್ಳಿಯವರು ಇಟ್ಟಿರಲಿಲ್ಲ.

“ಇನ್ನ ಆ ನಲವತ್ತೆರಡು,” ಅಂದರು. “ಅವರು ನಿಮ್ಮ ದವಾಖಾನ್ಯಾಗ ಎಲ್ಲೋ ಅದಾರ. ಲಗೂನ ಹುಡಕ್ರಿ. ಸಿಕ್ಕ ಕೂಡ್ಲೇ ಫೋನ್ ಮಾಡ್ರಿ. ರೋಣದಿಂದ ಇಂಜೆಕ್ಷನ್ ತರಸಾಕ ನಾ ಹೇಳ್ತೀನಿ.”

ಹುಡುಕಿದೆವು. ಡ್ಯೂಟಿ ಡಾಕ್ಟರು ಹೆರಿಗೆ ಕೋಣೆಯ ಇಬ್ಬರು ಬಾಣಂತಿಯರ ನಾಡಿ ನೋಡಿದರು. ಜಗಲಿಯ ಮೇಲೆ ಚೀಟಿ ಹಿಡಿದು ಕೂತಿದ್ದವರ ನಾಡಿ ನೋಡಿದರು. ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಬಂದಿದ್ದ ಒಬ್ಬ ಅಜ್ಜ, “ಗಾಯ ಕಾಲಿಗೆ ಆಗೈತ್ರಿ,” ಎಂದು ಕೈ ಹಿಂದೆ ಎಳೆದುಕೊಂಡರು. ಎಲ್ಲರ ನಾಡಿಯೂ ನೆಟ್ಟಗಿತ್ತು. ಬಿಸಿಲು ಸುಡುತ್ತಿದ್ದ ಆ ಹನ್ನೆರಡು ಗಂಟೆಯಲ್ಲಿ, ಇಲ್ಲಿ ಎಲ್ಲೋ ಒಬ್ಬರು ನಮ್ಮ ಕಣ್ಣಿಗೆ ಬೀಳದೆ ಸಾಯುತ್ತಿದ್ದಾರೆ ಎಂಬ ಭಾವನೆ ನನ್ನನ್ನು ಹಿಂಡತೊಡಗಿತು.

ನಾನು ನನ್ನ ದಾರಿಯಲ್ಲಿ ಹುಡುಕಿದೆ. ಒಳಗಿನ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಯಲ್ಲಿ ಎಂಟು ತೂತುಗಳಿದ್ದವು. ಹತ್ತನೇ ನಂಬರಿಗೆ ನಿಲ್ಲಿಸದೆ ಪಿಂಗ್ ಹಚ್ಚಿಟ್ಟು, ಒಂದೊಂದೇ ತಂತಿ ಕಿತ್ತು ನೋಡುತ್ತ ಹೋದೆ. ಮೊದಲನೆಯದು ಕಿತ್ತೆ, ಉತ್ತರ ಬರುತ್ತಲೇ ಇತ್ತು. ಎರಡು, ಮೂರು, ನಾಲ್ಕು. ಏಳನೆಯದು ಕಿತ್ತ ಕೂಡಲೇ ಉತ್ತರ ನಿಂತಿತು. ಮತ್ತೆ ಸಿಕ್ಕಿಸಿದೆ. ಇದ್ದೇನೆ.

ಆ ತಂತಿಯನ್ನು ಬೆರಳಲ್ಲಿ ಹಿಡಿದು ಗೋಡೆಯಗುಂಟ ಹೋದೆ. ಕಪಾಟಿನ ಹಿಂದೆ ಅದು ಒಂದು ರಂಧ್ರದೊಳಗೆ ಇಳಿದು ಆಚೆಗೆ ಹೋಗಿತ್ತು. ಆಚೆಗೆ ಇದ್ದದ್ದು ಬೀಗ ಹಾಕಿದ ಕೋಣೆ.

ಆಯಾ ಅವರನ್ನು ಕರೆದು, ತೆರೆಯಿರಿ ಅಂದೆ.

“ಅದರಾಗ ಯಾರೂ ಇಲ್ಲ ಯವ್ವಾ. ವಾರಕ್ಕೊಮ್ಮೆ ಕಸಾ ಹೊಡದು ಹೂವ ಹಾಕ್ತೀನಿ.” ಸ್ವಲ್ಪ ತಡೆದು, “ಗುಂಯ್ ಅಂತ ಸಪ್ಪಳ ಕೇಳ್ತೈತಿ ಖರೇ. ಡಾಕ್ಟರು ಅದಾರ, ಏನೋ ಓದಾಕತ್ತಾರ ಅಂತ ಸುಮ್ನ ಬರ್ತೀನಿ,” ಅಂದರು. ಇದನ್ನು ಅವರು ನಲ್ಲಿ ಸೋರುತ್ತದೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದರು.

ಬೀಗ ತೆಗೆದರು. ಸಿಸ್ಟರೂ ಬಂದು ನನ್ನ ಪಕ್ಕ ನಿಂತರು. ಹಳೆಯ ಔಷಧಿಯ ವಾಸನೆ, ಬಾಡಿದ ಹೂವಿನ ವಾಸನೆ. ಮೇಜಿನ ಮೇಲೆ ಬಟ್ಟೆ ಹಾಸಿ ಫೋಟೋ ಇಟ್ಟಿದ್ದರು. ಅದರ ಮುಂದೆ ಸಣ್ಣ ಕೆಂಪು ಬಲ್ಬು. ನಾನು ಆ ಬಲ್ಬಿನ ವೈರು ಹಿಡಿದು ಬಗ್ಗಿದ್ದೇ ತಡ, ಆಯಾ ಹಿಂದಿನಿಂದ ಹೇಳಿದರು.

“ಏನರ ಮಾಡ್ರಿ, ದೀಪಾ ಮಾತ್ರ ದೊಡ್ಡದ ಮಾಡಬ್ಯಾಡ್ರಿ.”

ದೀಪ ಆರಿಸುವುದು ಎಂಬ ಮಾತನ್ನು ನಮ್ಮ ಕಡೆ ಬಾಯಲ್ಲಿ ಆಡುವುದಿಲ್ಲ, ದೊಡ್ಡದು ಮಾಡುವುದು ಎನ್ನುತ್ತಾರೆ. ಆ ದೀಪ ಎರಡು ವರ್ಷದಿಂದ ದೊಡ್ಡದಾಗಿರಲಿಲ್ಲ. ಕರೆಂಟು ಹೋದರೂ ಉರಿಯಲಿ ಎಂದು ಅದರ ಬೋರ್ಡನ್ನು ಇನ್ವರ್ಟರಿಗೆ ಕೊಟ್ಟಿದ್ದರು. ಬೋರ್ಡನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅದೇ ಬೋರ್ಡಿನಿಂದ ಇನ್ನೊಂದು ವೈರು ಮೇಜಿನ ಕೆಳಗೆ ಹೋಗಿತ್ತು.

ಸಿಸ್ಟರ್ ಮೇಜಿನ ಬಟ್ಟೆ ಎತ್ತಿದರು. ಕೆಳಗೆ ಧೂಳು ಮೆತ್ತಿದ ಒಂದು ಕಂಪ್ಯೂಟರು ಪೆಟ್ಟಿಗೆ. ಪರದೆ ಇರಲಿಲ್ಲ, ಕೀಲಿಮಣೆ ಇರಲಿಲ್ಲ. ಹಸಿರು ದೀಪವೊಂದು ಮಿನುಗುತ್ತಿತ್ತು. ಕೈಯಿಟ್ಟೆ. ಜ್ವರ ಬಂದವರ ಹಣೆಯಷ್ಟು ಬೆಚ್ಚಗಿತ್ತು.

“ಕಂಪ್ಯೂಟರ್ ಆವಾಗನ ಕೌಂಟರಿಗೆ ಒಯ್ದಿದ್ವಲ್ರಿ,” ಅಂದರು ಸಿಸ್ಟರ್.

ಒಯ್ದದ್ದು ಪರದೆಯನ್ನು. ಅವರ ಪಾಲಿಗೆ ಪರದೆಯೇ ಕಂಪ್ಯೂಟರು, ಇದು ಬರೀ ಡಬ್ಬಿ. ಮೊದಲು ಇಸಿಜಿ ತೆಗೆಯುತ್ತಿದ್ದದ್ದು ಈ ಕೋಣೆಯಲ್ಲೇ. ದೊಡ್ಡ ಡಾಕ್ಟರು ತೀರಿಕೊಂಡ ಮೇಲೆ ಹೊಸ ಯಂತ್ರ ಪಕ್ಕದ ಕೋಣೆಗೆ ಬಂತು, ಇದಕ್ಕೆ ಬೀಗ ಬಿತ್ತು. ಡಬ್ಬಿ ಮಾತ್ರ ಕಣ್ಣಿಲ್ಲದೆ, ಕತ್ತಲಲ್ಲಿ, ತನ್ನ ನಂಬರನ್ನು ಬಿಡದೆ ಕಾದು ಕೂತಿತ್ತು. ಕೊನೆಯದನ್ನು ತೋರಿಸು ಎಂದು ಹುಬ್ಬಳ್ಳಿಯವರು ಕೇಳಿದಾಗ ತನ್ನಲ್ಲಿದ್ದ ಕೊನೆಯದನ್ನು ತೋರಿಸಿತ್ತು.

ನಾವು ಇಸಿಜಿ ಕೋಣೆಗೆ ಮರಳಿದೆವು. ಹೊಸ ಕಂಪ್ಯೂಟರಿನಲ್ಲಿ ಹತ್ತರ ನಂಬರು ಹೊಡೆದು ಪುಟ ತೆರೆದೆ. ಕೊನೆಯದನ್ನು ಒತ್ತಿದೆ. ಗೆರೆಗಳು ಬಂದವು. ನಾಡಿ ನಲವತ್ತೆರಡು. ಪುಟದ ಮೇಲ್ಗಡೆ ಅವತ್ತಿನ ದಿನಾಂಕವೇ ಇತ್ತು. ಅದು ನೋಡುವವರ ದಿನಾಂಕ. ತೆಗೆದ ದಿನಾಂಕ ಕೆಳಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಸಿಸ್ಟರ್ ಕನ್ನಡಕ ಏರಿಸಿ, ಪರದೆಗೆ ಮುಖ ಹತ್ತಿರ ತಂದು ಓದಿದರು. ಓದಿದ ಮೇಲೆ ಕುರ್ಚಿಗಾಗಿ ಕೈ ಚಾಚಿದರು. ನಾನು ಎಳೆದು ಕೊಟ್ಟೆ.

“ಇದನ್ನ ನಾನ ತಗದೀನ್ರಿ,” ಅಂದರು. “ಅವತ್ತ ಮುಂಜಾನೆ ಡಾಕ್ಟರು ತಾವ ಎದಿಗೆ ಎಲ್ಲಾ ಹಚಗೊಂಡು, ಸಿಸ್ಟರ್, ಗುಂಡಿ ಒತ್ತರಿ ಅಂದ್ರು. ಒತ್ತಿದ್ನಿ. ಸ್ಕ್ರೀನ್ ತಮ್ಮ ಕಡೆ ತಿರಿವಿಕೊಂಡು ನೋಡಿದ್ರು. ಏನ್ರಿ ಅಂತ ಕೇಳಿದೆ. ಗ್ಯಾಸ್ ಐತಿ ಅಂದ್ರು. ಹೊರಗ ಮೂವತ್ತ ಮಂದಿ ಕುಂತಿದ್ರು. ಕಳಸ್ರಿ ಒಬ್ಬೊಬ್ಬರನ್ನ ಅಂದ್ರು.”

ನಾನು ಅವರ ಕುರ್ಚಿಯ ಪಕ್ಕಕ್ಕೆ ಸರಿದು ನಿಂತೆ.

“ಮಧ್ಯಾಹ್ನ ಕುರ್ಚಿ ಮ್ಯಾಲೇ ಹ್ವಾದ್ರು. ಎರಡ ವರ್ಷ ಗ್ಯಾಸ್ ಅಂತನ ತಿಳದಿದ್ನಿ. ಅವರಿಗೂ ಗೊತ್ತಾಗಿರಲಿಲ್ಲ ಅಂತ ತಿಳದಿದ್ನಿ.” ಪರದೆಯ ಮೇಲಿನ ಗೆರೆಗಳ ಕಡೆ ನೋಡಿದರು. “ಅವರಿಗೆ ಇದನ್ನ ಓದಾಕ ಬರತಿತ್ತು, ಮೇಡಂ. ನನಗ ಬರಂಗಿಲ್ಲ.”

ಆಕೆಯ ಕಣ್ಣಲ್ಲಿ ನೀರು ಬರಲಿಲ್ಲ. ನನಗೆ ಬಂತು. ಬೆಳಗಿನ ಹೆದರಿಕೆ ಆಗ ಹೋಗಿತ್ತು. ಅದರ ಜಾಗದಲ್ಲಿ ಬಂದ ಸಂಕಟಕ್ಕಿಂತ ಆ ಹೆದರಿಕೆಯೇ ಎಷ್ಟೋ ಹಗುರವಾಗಿತ್ತು.

ವಾರ್ಡಿನ ಫೋನು ಬಡಿಯಿತು. ಡ್ಯೂಟಿ ಡಾಕ್ಟರು ಹೊರಗಿದ್ದರು, ನಾನು ಎತ್ತಿದೆ. ಹುಬ್ಬಳ್ಳಿಯವರು.

“ಆ ನಲವತ್ತೆರಡರವರು ಸಿಕ್ಕರೇನ್ರಿ? ಇನ್ನೂ ಯಾಕ ಫೋನ್ ಮಾಡ್ಲಿಲ್ಲ? ತಡಾ ಮಾಡಿದ್ರ ಉಳ್ಯಾಂಗಿಲ್ಲ ಅವ್ರು.”

ಹಿಂದೆಯೇ ಬಂದಿದ್ದ ಸಿಸ್ಟರ್ ನನ್ನ ಕೈಯಿಂದ ಫೋನು ತೆಗೆದುಕೊಂಡರು.

“ಸಿಕ್ಕಾರ್ರಿ ಸರ್,” ಅಂದರು. “ನಮ್ಮ ದೊಡ್ಡ ಡಾಕ್ಟರ್ರಿ. ಅವ್ರು ತೀರ್ಕೊಂಡ ಎರಡ ವರ್ಷ ಆತು. ಅದು ಅವತ್ತಿಂದು.”

ಹುಬ್ಬಳ್ಳಿಯವರು ಒಂದೇ ಮಾತು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ, ನನಗೂ ಕೇಳಿಸಿತು.

“ಅವತ್ತ ಇಂಜೆಕ್ಷನ್ ಇತ್ತೇನ್ರಿ ನಿಮ್ಮ ಕಡೆ?”

ಸಿಸ್ಟರ್ ಫ್ರಿಜ್ಜಿನ ಕಡೆ ನೋಡಿದರು.

“ಇತ್ರಿ,” ಅಂದರು.